ತೊಳೆದುಹೋದ ಸಾಕ್ಷ್ಯ: 1888ರ ವೈಟ್‌ಚಾಪಲ್ ತನಿಖೆಯ ಪ್ರಕರಣ ಅಧ್ಯಯನ

ಲಂಡನ್ ಪೊಲೀಸರ ‘ವೈಟ್‌ಚಾಪಲ್ ಕೊಲೆಗಳು’ ಕಡತದಲ್ಲಿ 1888ರ ಏಪ್ರಿಲ್‌ನಿಂದ 1891ರ ಫೆಬ್ರುವರಿವರೆಗಿನ 11 ಹತ್ಯೆಗಳು ಸೇರಿವೆ. ಅವುಗಳಲ್ಲಿ ಐದು ಒಬ್ಬನದೇ ಕೃತ್ಯ ಎಂಬುದು ಈ ಪ್ರಕರಣವನ್ನು ಓದಿಕೊಂಡ ಹೆಚ್ಚಿನವರ ಅಭಿಪ್ರಾಯ. ಆ ಐದೂ 1888ರ ಆಗಸ್ಟ್ 31ರಿಂದ ನವೆಂಬರ್ 9ರ ನಡುವಿನ ಹತ್ತು ವಾರಗಳಲ್ಲಿ, ನಡೆದೇ ಸುತ್ತಿ ಬರಬಹುದಾದಷ್ಟು ಚಿಕ್ಕ ಪ್ರದೇಶದಲ್ಲಿ ನಡೆದವು. ಯಾರಿಗೂ ಶಿಕ್ಷೆಯಾಗಲಿಲ್ಲ.

ಕೊಲೆಗಾರ ಯಾರೆಂಬ ಪ್ರಶ್ನೆಯ ಮೇಲೆ ಬೇಕಾದಷ್ಟು ಬರೆಯಲಾಗಿದೆ. ಈ ಬರಹ ಅದನ್ನು ಮುಟ್ಟುವುದಿಲ್ಲ. ಕೈಗೆ ಸಿಕ್ಕಿದ್ದ ಸಾಕ್ಷ್ಯ ಹೇಗೆ ಕೈತಪ್ಪಿತು, ಯಾವ ಗಳಿಗೆಯಲ್ಲಿ ಯಾರು ಏನು ನಿರ್ಧರಿಸಿದರು ಎನ್ನುವುದಷ್ಟೇ ಇಲ್ಲಿನ ವಿಷಯ. ಶಂಕಿತರ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಏಕೆಂದರೆ ಒಬ್ಬರ ಮೇಲೂ ಆರೋಪ ಸಾಬೀತಾಗಿಲ್ಲ. ಸಾಕ್ಷಿ ಹೇಳಿದ ಸಾಮಾನ್ಯ ಜನರ ಹೆಸರೂ ಇಲ್ಲ. ಹುದ್ದೆಯ ಅಧಿಕಾರದಿಂದ ನಿರ್ಧಾರ ಕೈಗೊಂಡವರನ್ನು ಮಾತ್ರ ಹೆಸರಿಸಿದ್ದೇನೆ. ಸತ್ತ ಐವರ ಹೆಸರುಗಳನ್ನು ಮುಚ್ಚಿಡಲು ಮನಸ್ಸು ಒಪ್ಪಲಿಲ್ಲ: ಮೇರಿ ಆನ್ ನಿಕೋಲ್ಸ್, ಆನಿ ಚಾಪ್‌ಮನ್, ಎಲಿಜಬೆತ್ ಸ್ಟ್ರೈಡ್, ಕ್ಯಾಥರೀನ್ ಎಡೋಸ್, ಮೇರಿ ಜೇನ್ ಕೆಲ್ಲಿ. ಕೊಂದವನಿಗೆ ಅಂಟಿಕೊಂಡ ‘ಜ್ಯಾಕ್ ದ ರಿಪ್ಪರ್’ ಎಂಬ ಅಡ್ಡಹೆಸರು ಲೋಕಕ್ಕೆಲ್ಲ ಗೊತ್ತು, ಈ ಹೆಸರುಗಳು ಗೊತ್ತಿಲ್ಲ.

ಹಿನ್ನೆಲೆ

ಲಂಡನ್ನಿನ ಪೂರ್ವ ಭಾಗದ ವೈಟ್‌ಚಾಪಲ್, ಸ್ಪಿಟಲ್‌ಫೀಲ್ಡ್ಸ್‌ಗಳಲ್ಲಿ ಆಗ ಬಾಡಿಗೆ ಹಾಸಿಗೆಯ ವಸತಿಗೃಹಗಳು ತುಂಬಿದ್ದವು. ಆ ವಿಭಾಗದಲ್ಲಿ ಇಂಥ 233 ವಸತಿಗೃಹಗಳಿವೆ, ಅವುಗಳಲ್ಲಿ ಸುಮಾರು 8,500 ಜನ ಮಲಗುತ್ತಾರೆ ಎಂದು 1888ರ ಅಕ್ಟೋಬರ್‌ನಲ್ಲಿ ಪೊಲೀಸರು ಅಂದಾಜು ಮಾಡಿದ್ದರು. ಒಂಟಿ ಹಾಸಿಗೆಗೆ ರಾತ್ರಿಗೆ ನಾಲ್ಕು ಪೆನ್ನಿ. ಅಷ್ಟಿಲ್ಲದಿದ್ದರೆ ಬೀದಿಯೇ ಗತಿ. ನಿಕೋಲ್ಸ್ ಆಗಸ್ಟ್ 31ರ ನಡುರಾತ್ರಿಯ ನಂತರ ಹೊರಗೆ ಅಲೆಯುತ್ತಿದ್ದದ್ದು ಆ ನಾಲ್ಕು ಪೆನ್ನಿ ಕೈಯಲ್ಲಿಲ್ಲದೆ. ಎಂಟು ದಿನಗಳ ನಂತರ ಚಾಪ್‌ಮನ್‌ಗೂ ಅದೇ ಆಯಿತು. ಹಾಸಿಗೆಯನ್ನು ಬೇರೆ ಯಾರಿಗೂ ಕೊಡಬೇಡಿ, ದುಡ್ಡು ಹೊಂಚಿಕೊಂಡು ಬರುತ್ತೇನೆ ಎಂದು ಹೇಳಿ ಹೋದ ಆಕೆ ಮರಳಲಿಲ್ಲ.

ಇದೇ ಕೇರಿಗಳಿಗೆ 1881ರ ನಂತರ ರಷ್ಯಾ ಸಾಮ್ರಾಜ್ಯದ ಹಿಂಸೆಯಿಂದ ತಪ್ಪಿಸಿಕೊಂಡ ಯಹೂದಿ ಕುಟುಂಬಗಳು ಬಂದು ನೆಲೆಸಿದ್ದವು. ದರ್ಜಿ ಕೆಲಸ, ಬೂಟು ಹೊಲಿಯುವ ಕೆಲಸ ಅವರದು. ಕೂಲಿ ಇಳಿಯುವುದಕ್ಕೂ ಬಾಡಿಗೆ ಏರುವುದಕ್ಕೂ ಇವರೇ ಕಾರಣ ಎಂಬ ಅಸಮಾಧಾನ ಸ್ಥಳೀಯರಲ್ಲಿ ಹೊಗೆಯಾಡುತ್ತಿತ್ತು. ಮುಂದಿನದನ್ನು ಅರ್ಥಮಾಡಿಕೊಳ್ಳಲು ಇದು ನೆನಪಿನಲ್ಲಿರಬೇಕು.

ಪೊಲೀಸ್ ಇಲಾಖೆಯ ಒಳಗೂ ಎಲ್ಲ ಸರಿಯಿರಲಿಲ್ಲ. ಮೆಟ್ರೊಪಾಲಿಟನ್ ಪೊಲೀಸ್ ಕಮಿಷನರ್ ಚಾರ್ಲ್ಸ್ ವಾರೆನ್ ಸೇನೆಯಿಂದ ಬಂದವರು. 1887ರ ನವೆಂಬರ್ 13ರಂದು ಟ್ರಫಾಲ್ಗರ್ ಚೌಕದ ಪ್ರತಿಭಟನೆಯನ್ನು ಬಲ ಪ್ರಯೋಗಿಸಿ ಚದುರಿಸಿದ ಮೇಲೆ ಅವರ ಮೇಲೆ ಜನರಿಗೂ ಪತ್ರಿಕೆಗಳಿಗೂ ಸಿಟ್ಟಿತ್ತು. ಪತ್ತೇದಾರಿ ವಿಭಾಗದ ಮುಖ್ಯಸ್ಥ ಜೇಮ್ಸ್ ಮನ್ರೊ ಅವರೊಂದಿಗೆ ಜಗಳವಾಗಿ, 1888ರ ಆಗಸ್ಟ್‌ನಲ್ಲಿ ಮನ್ರೊ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬಂದ ರಾಬರ್ಟ್ ಆಂಡರ್ಸನ್ ಅನಾರೋಗ್ಯದ ರಜೆಯ ಮೇಲೆ ಸೆಪ್ಟೆಂಬರ್ ಮೊದಲಲ್ಲೇ ಸ್ವಿಟ್ಜರ್ಲೆಂಡಿಗೆ ಹೊರಟರು. ಅಂದರೆ ಸರಣಿ ಕೊಲೆ ನಡೆಯುತ್ತಿದ್ದ ತಿಂಗಳಲ್ಲಿ ಪತ್ತೇದಾರಿ ವಿಭಾಗಕ್ಕೆ ಮುಖ್ಯಸ್ಥರೇ ಊರಲ್ಲಿರಲಿಲ್ಲ. ಕೇಂದ್ರ ಕಚೇರಿಯಲ್ಲಿ ಕಾಗದಪತ್ರ ನೋಡಿಕೊಂಡವರು ಚೀಫ್ ಇನ್‌ಸ್ಪೆಕ್ಟರ್ ಡೊನಾಲ್ಡ್ ಸ್ವಾನ್ಸನ್, ಬೀದಿಯಲ್ಲಿ ಓಡಾಡಿದವರು ಇನ್‌ಸ್ಪೆಕ್ಟರ್ ಫ್ರೆಡರಿಕ್ ಆಬರ್ಲೈನ್.

ಮೊದಲ ಎರಡು ನಷ್ಟಗಳು

ನಿಕೋಲ್ಸ್ ದೇಹ ಸಿಕ್ಕಿದ್ದು ಬಕ್ಸ್ ರೋ ಎಂಬ ಕತ್ತಲ ಬೀದಿಯಲ್ಲಿ, ನಸುಕಿನ ಮೂರೂಮುಕ್ಕಾಲರ ಹೊತ್ತಿಗೆ. ವೈದ್ಯರು ಬಂದು ಸಾವನ್ನು ಖಚಿತಪಡಿಸಿ, ದೇಹವನ್ನು ಶವಾಗಾರಕ್ಕೆ ಸಾಗಿಸಲು ಹೇಳಿದರು. ಹಿರಿಯ ಅಧಿಕಾರಿ ಸ್ಥಳಕ್ಕೆ ಬರುವಷ್ಟರಲ್ಲಿ ಪಕ್ಕದ ಮನೆಯ ಹುಡುಗನೊಬ್ಬ ರಸ್ತೆಯ ಮೇಲಿನ ರಕ್ತವನ್ನು ತೊಳೆಯುತ್ತಿದ್ದ. ಶವಾಗಾರದಲ್ಲಿ ಬಡವರ ಆಶ್ರಯಮನೆಯಿಂದ (ವರ್ಕ್‌ಹೌಸ್) ಬಂದ ಇಬ್ಬರು ಮುದುಕರು ಬಟ್ಟೆ ಬಿಚ್ಚಿ ದೇಹವನ್ನು ತೊಳೆದರು. ಮರಣೋತ್ತರ ಪರೀಕ್ಷೆ ಆಮೇಲೆ ನಡೆಯಿತು. ಹೊಟ್ಟೆಯ ಮೇಲಿನ ಗಾಯಗಳು ಮೊದಲು ಕಣ್ಣಿಗೆ ಬಿದ್ದದ್ದೂ ಶವಾಗಾರದಲ್ಲೇ, ಅದೂ ಇನ್‌ಸ್ಪೆಕ್ಟರ್ ಒಬ್ಬರು ದೇಹದ ವಿವರ ಬರೆದುಕೊಳ್ಳುವಾಗ.

ಸೆಪ್ಟೆಂಬರ್ 8ರಂದು ಹ್ಯಾನ್‌ಬರಿ ಸ್ಟ್ರೀಟಿನ 29ನೇ ನಂಬರಿನ ಮನೆಯ ಹಿತ್ತಲಲ್ಲಿ ಚಾಪ್‌ಮನ್ ದೇಹ ಸಿಕ್ಕಿತು. ವೈದ್ಯರು ಪರೀಕ್ಷೆಗೆ ಬಂದಾಗ ದಾದಿಯರು ಆಗಲೇ ದೇಹವನ್ನು ತೊಳೆದಾಗಿತ್ತು. ಯಾರು ಹೇಳಿದ್ದು ಎಂಬ ಪ್ರಶ್ನೆಗೆ ಒಬ್ಬೊಬ್ಬರು ಒಂದೊಂದು ಉತ್ತರ ಕೊಟ್ಟರು. ಅಸಹಜ ಸಾವುಗಳ ಕಾರಣ ವಿಚಾರಿಸುವ ಅಧಿಕಾರಿಯಾದ ಕರೋನರ್ ವಿನ್ ಬ್ಯಾಕ್ಸ್ಟರ್ ವಿಚಾರಣೆಯಲ್ಲಿ ಕಟುವಾಗಿ ಮಾತನಾಡಿದರು: ಇಷ್ಟು ಜನರಿರುವ ಪ್ರದೇಶಕ್ಕೆ ಸರಿಯಾದ ಸಾರ್ವಜನಿಕ ಶವಾಗಾರವೇ ಇಲ್ಲ.

ತೊಳೆದವರನ್ನು ದೂರುವುದು ಸಲ್ಲದು. ಹೆಣವನ್ನು ತೊಳೆದು ಗೌರವದಿಂದ ಇಡುವುದು ಅವರಿಗೆ ಗೊತ್ತಿದ್ದ ಧರ್ಮ. ಪರೀಕ್ಷೆಯಾಗುವತನಕ ಮುಟ್ಟಬೇಡಿ ಎಂದು ಅವರಿಗೆ ಸ್ಪಷ್ಟವಾಗಿ ಹೇಳಿ, ಬಾಗಿಲಲ್ಲಿ ಒಬ್ಬ ಪೇದೆಯನ್ನು ನಿಲ್ಲಿಸಬೇಕಿದ್ದ ಅಧಿಕಾರಿಯ ಲೋಪ ಇದು. ಮೊದಲ ಸಲ ಆದದ್ದನ್ನು ಅಜಾಗ್ರತೆ ಅನ್ನೋಣ. ಎಂಟು ದಿನಗಳಲ್ಲಿ ಅದೇ ಮರುಕಳಿಸಿದ್ದನ್ನು ಹಾಗೆ ಅನ್ನಲಾಗದು. ಮೊದಲ ತಪ್ಪಿನಿಂದ ಯಾವ ಆದೇಶವೂ ಹೊರಡಲಿಲ್ಲ ಎಂಬುದೇ ಅದರ ಅರ್ಥ.

ಈ ನಡುವೆ ‘ಚರ್ಮದ ಏಪ್ರನ್‌ನವ’ ಎಂಬ ಗುಲ್ಲು ಹಬ್ಬಿತು. ಹೆಂಗಸರನ್ನು ಹೆದರಿಸಿ ದುಡ್ಡು ಕೀಳುವ ಯಹೂದಿಯೊಬ್ಬನಿದ್ದಾನೆ, ಕೊಲೆಗಾರ ಅವನೇ ಎಂದು ಪತ್ರಿಕೆಗಳು ಬರೆದವು. ಚಾಪ್‌ಮನ್ ಬಿದ್ದಿದ್ದ ಹಿತ್ತಲಲ್ಲಿ ನಲ್ಲಿಯ ಬಳಿ ಒದ್ದೆಯಾದ ಚರ್ಮದ ಏಪ್ರನ್ ಸಿಕ್ಕಿದ್ದೇ ಸಾಕಾಯಿತು. ಅದು ಆ ಮನೆಯಲ್ಲಿದ್ದ ಹೆಂಗಸೊಬ್ಬರ ಮಗನದು, ಒಗೆದು ಬಿಟ್ಟಿದ್ದು. ಸೆಪ್ಟೆಂಬರ್ 10ರಂದು ಬೂಟು ತಯಾರಿಸುವ ಒಬ್ಬನನ್ನು ಬಂಧಿಸಿದರು, ಕೊಲೆಯ ರಾತ್ರಿಗಳಲ್ಲಿ ಆತ ಬೇರೆಡೆ ಇದ್ದದ್ದು ಖಚಿತವಾದ ಮೇಲೆ ಬಿಟ್ಟರು. ಅಷ್ಟರಲ್ಲಿ ಬೀದಿಗಳಲ್ಲಿ ಯಹೂದಿಗಳ ಮೇಲೆ ಕೈಮಾಡುವುದು, ಬೈಯುವುದು ಶುರುವಾಗಿತ್ತು.

ಸೆಪ್ಟೆಂಬರ್ 30ರ ರಾತ್ರಿ

ಪ್ರಕರಣ ತಿರುವು ಪಡೆದದ್ದು ಇಲ್ಲಿ. ಭಾನುವಾರ ನಸುಕಿನ ಒಂದು ಗಂಟೆಗೆ ಬರ್ನರ್ ಸ್ಟ್ರೀಟಿನಲ್ಲಿ ಕಾರ್ಮಿಕರ ಕ್ಲಬ್ಬೊಂದರ ಪಕ್ಕದ ಅಂಗಳದಲ್ಲಿ ಸ್ಟ್ರೈಡ್ ದೇಹ ಸಿಕ್ಕಿತು. ಕುತ್ತಿಗೆಯ ಗಾಯ ಬಿಟ್ಟರೆ ಬೇರೆ ಛೇದನವಿರಲಿಲ್ಲ. ಮುಕ್ಕಾಲು ಗಂಟೆಯೊಳಗೆ, ಮೈಟರ್ ಸ್ಕ್ವೇರ್ ಎಂಬ ಚೌಕದ ಮೂಲೆಯಲ್ಲಿ ಎಡೋಸ್ ದೇಹವನ್ನು ಗಸ್ತಿನ ಪೇದೆ ಕಂಡರು. ಒಂದೂವರೆಗೆ ಅದೇ ಜಾಗದಲ್ಲಿ ಹಾದುಹೋದಾಗ ಅಲ್ಲಿ ಏನೂ ಇರಲಿಲ್ಲ.

ಎಡೋಸ್ ಅಂದು ಸಂಜೆ ಕುಡಿದು ಬಿದ್ದಿದ್ದಕ್ಕೆ ಬಿಷಪ್ಸ್‌ಗೇಟ್ ಠಾಣೆಯಲ್ಲಿದ್ದರು. ಅಮಲು ಇಳಿದ ಮೇಲೆ, ಒಂದು ಗಂಟೆಯ ಹೊತ್ತಿಗೆ ಬಿಟ್ಟು ಕಳಿಸಿದ್ದರು. ಅದು ಅಂದಿನ ವಾಡಿಕೆ. ಆದರೆ ಆ ಹೊತ್ತಿನಲ್ಲಿ ಆಕೆಗೆ ಹೋಗಲು ಒಂದು ಹಾಸಿಗೆಯಿದೆಯೇ ಎಂದು ಕೇಳುವುದು ವಾಡಿಕೆಯಲ್ಲಿರಲಿಲ್ಲ.

ಮೈಟರ್ ಸ್ಕ್ವೇರ್ ಲಂಡನ್ ಸಿಟಿಯ, ಅಂದರೆ ಮಹಾನಗರದ ನಡುವೆ ಪ್ರತ್ಯೇಕ ಆಡಳಿತವಿರುವ ಹಳೆಯ ಭಾಗದ, ಸರಹದ್ದಿನಲ್ಲಿತ್ತು. ಸಿಟಿಗೆ ತನ್ನದೇ ಪೊಲೀಸ್ ಪಡೆ, ತನ್ನದೇ ಕಮಿಷನರ್. ಉಳಿದ ಕೊಲೆಗಳೆಲ್ಲ ಮೆಟ್ರೊಪಾಲಿಟನ್ ಪೊಲೀಸರವು. ಹೀಗಾಗಿ ಒಂದೇ ರಾತ್ರಿಯ ಎರಡು ಕೊಲೆಗಳಿಗೆ ಎರಡು ಇಲಾಖೆ, ಎರಡು ಕಡತ.

ಎರಡು ಗಂಟೆ 55 ನಿಮಿಷಕ್ಕೆ ಮೆಟ್ರೊಪಾಲಿಟನ್ ಪೇದೆ ಆಲ್ಫ್ರೆಡ್ ಲಾಂಗ್ ಅವರಿಗೆ ಗೌಲ್‌ಸ್ಟನ್ ಸ್ಟ್ರೀಟಿನ ವಠಾರವೊಂದರ ಬಾಗಿಲಲ್ಲಿ ರಕ್ತ ಹತ್ತಿದ ಬಟ್ಟೆಯ ತುಂಡು ಸಿಕ್ಕಿತು. ಅದು ಎಡೋಸ್ ತೊಟ್ಟಿದ್ದ ಬಿಳಿ ಏಪ್ರನ್ನಿನ ತುಂಡು. ತೇಪೆಯ ಹೊಲಿಗೆ ಎರಡು ತುಂಡುಗಳಲ್ಲೂ ಸರಿಯಾಗಿ ಕೂಡಿಬಂದದ್ದನ್ನು ನೋಡಿ ವೈದ್ಯರು ಖಚಿತಪಡಿಸಿದರು. ಕೊಲೆಗಾರ ಯಾವ ಕಡೆಗೆ ಹೋದ ಎಂದು ಹೇಳುವ ಕುರುಹು ಇಡೀ ಸರಣಿಯಲ್ಲಿ ಇದೊಂದೇ. ಬಟ್ಟೆ ಬಿದ್ದಿದ್ದ ಜಾಗದ ಮೇಲ್ಗಡೆ, ಬಾಗಿಲ ಪಕ್ಕದ ಕಪ್ಪು ಬಳಿದ ಇಟ್ಟಿಗೆಯ ಮೇಲೆ, ಸೀಮೆಸುಣ್ಣದಲ್ಲಿ ಸಣ್ಣ ಅಕ್ಷರಗಳ ಬರಹವಿತ್ತು. ಯಹೂದಿಗಳ ಮೇಲೆ ಸುಮ್ಮಸುಮ್ಮನೆ ದೂರು ಬರುವುದಿಲ್ಲ ಎಂಬಂಥ, ಹೇಗೆ ಬೇಕಾದರೂ ಅರ್ಥ ಮಾಡಬಹುದಾದ ಒಂದು ವಾಕ್ಯ.

ಸಿಟಿ ಪೊಲೀಸರ ಪತ್ತೇದಾರ ಡೇನಿಯಲ್ ಹಾಲ್ಸ್ ಬರಹದ ಕಾವಲಿಗೆ ನಿಂತರು. ಫೋಟೊ ತೆಗೆಸಬೇಕೆಂದು ಅವರ ಇನ್‌ಸ್ಪೆಕ್ಟರ್ ಜೇಮ್ಸ್ ಮೆಕ್‌ವಿಲಿಯಮ್ ಹೇಳಿ ಕಳಿಸಿದರು. ಆದರೆ ಗೋಡೆ ಮೆಟ್ರೊಪಾಲಿಟನ್ ಸರಹದ್ದಿನದು. ಆ ವಿಭಾಗದ ಸೂಪರಿಂಟೆಂಡೆಂಟ್ ಥಾಮಸ್ ಆರ್ನಲ್ಡ್ ಅವರ ಭಯವೇ ಬೇರೆ. ಅಂದು ಭಾನುವಾರ. ಪಕ್ಕದಲ್ಲೇ ಪೆಟಿಕೋಟ್ ಲೇನಿನ ಸಂತೆ, ಬೆಳಕು ಹರಿಯುತ್ತಲೇ ಸಾವಿರಾರು ಜನ ಸೇರುತ್ತಾರೆ. ವಠಾರದಲ್ಲಿದ್ದವರು ಹೆಚ್ಚಾಗಿ ಯಹೂದಿಗಳು. ಎರಡು ಕೊಲೆಯ ಸುದ್ದಿಯ ಜೊತೆ ಈ ಬರಹವೂ ಜನರ ಕಣ್ಣಿಗೆ ಬಿದ್ದರೆ ಏನಾಗಬಹುದು? ಅವರು ಒಬ್ಬ ಇನ್‌ಸ್ಪೆಕ್ಟರ್ ಕೈಗೆ ಸ್ಪಂಜು ಕೊಟ್ಟು ನಿಲ್ಲಿಸಿ, ಕಮಿಷನರ್ ಬರಲೆಂದು ಕಾದರು.

ವಾರೆನ್ ತಾವೇ ಸ್ಥಳಕ್ಕೆ ಬಂದರು. ಬಾಗಿಲ ಬಳಿ ನಡೆದ ಚರ್ಚೆಯನ್ನು ನವೆಂಬರ್ 6ರಂದು ಗೃಹ ಇಲಾಖೆಗೆ ಬರೆದ ವರದಿಯಲ್ಲಿ ಅವರೇ ವಿವರಿಸಿದ್ದಾರೆ. ಬರಹವನ್ನು ಮುಚ್ಚಿಡಬಹುದೇ, ಅದರ ಒಂದು ಭಾಗವನ್ನಾದರೂ ಫೋಟೊ ತೆಗೆಯುವವರೆಗೆ ಇನ್ನೊಂದು ಗಂಟೆ ಉಳಿಸಬಹುದೇ ಎಂಬ ಮಾತು ಬಂತು. ಮೇಲಿನ ಸಾಲನ್ನಷ್ಟೇ ಅಳಿಸೋಣ ಎಂದು ಹಾಲ್ಸ್ ಸೂಚಿಸಿದರು. ಮುಚ್ಚಿದ ಬಟ್ಟೆಯನ್ನು ಜನ ಕಿತ್ತೆಸೆಯುತ್ತಾರೆ, ಆ ಮನೆಯೇ ಧ್ವಂಸವಾದೀತು ಎಂದು ವಾರೆನ್ ನಿರ್ಧರಿಸಿದರು. ಐದೂವರೆಯ ಹೊತ್ತಿಗೆ ಗೋಡೆ ತೊಳೆದುಹೋಯಿತು.

ಈ ನಿರ್ಧಾರವನ್ನು ಮೂರ್ಖತನ ಎಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಮಾಡಲಾರೆ. ಗಲಭೆಯ ಭಯ ಕಲ್ಪನೆಯಲ್ಲ, ಮೂರು ವಾರಗಳಿಂದ ಬೀದಿಯಲ್ಲಿ ಅದರ ಲಕ್ಷಣ ಕಾಣುತ್ತಿತ್ತು. ಬಡ ವಲಸಿಗರ ವಠಾರದ ಮುಂದೆ ನಿಂತು ಅವರ ಜೀವ ಉಳಿಯಲಿ ಎಂದು ಯೋಚಿಸಿದ ಅಧಿಕಾರಿಯನ್ನು ಆ ಕಾರಣಕ್ಕೆ ನಿಂದಿಸಲಾಗದು. ಆ ಬರಹ ಕೊಲೆಗಾರನದೇ ಎನ್ನಲೂ ಆಧಾರವಿಲ್ಲ. ಅಂಥ ಗೀಚುಬರಹಗಳು ಆ ಕೇರಿಗಳಲ್ಲಿ ಸಾಮಾನ್ಯವಾಗಿದ್ದವು, ಬಟ್ಟೆ ಅದರ ಕೆಳಗೆ ಬಿದ್ದದ್ದು ಕಾಕತಾಳೀಯವೂ ಇರಬಹುದು.

ಎಡವಿದ್ದು ಎಲ್ಲಿ ಎಂದರೆ, ಅಳಿಸುವುದು ಅಥವಾ ಹಾಗೆಯೇ ಬಿಡುವುದು ಎಂಬ ಎರಡೇ ದಾರಿ ಇವೆ ಎಂಬಂತೆ ಮಾತು ಮುಗಿದದ್ದರಲ್ಲಿ. ಕಮಿಷನರ್ ಕೈಕೆಳಗೆ ಸಾವಿರಾರು ಪೇದೆಗಳಿದ್ದರು. ಹತ್ತು ಜನರನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿದ್ದರೆ ಒಂದು ಗಂಟೆ ಕಳೆಯುತ್ತಿತ್ತು. ಅದೂ ಬೇಡವೆಂದರೆ, ಇಬ್ಬರು ಅಧಿಕಾರಿಗಳು ಕಂದೀಲಿನ ಬೆಳಕಲ್ಲಿ ಜೊತೆಗೆ ನಿಂತು, ಸಾಲು ಮುರಿದ ಜಾಗ ಸಮೇತ ನಕಲು ಮಾಡಿ, ಇಬ್ಬರೂ ರುಜು ಹಾಕಬಹುದಿತ್ತು. ನಮ್ಮ ಪೊಲೀಸ್ ಭಾಷೆಯಲ್ಲಿ ಹೇಳುವುದಾದರೆ ಸ್ಥಳ ಮಹಜರು. ಅದು ಆಗಲಿಲ್ಲ. ಲಾಂಗ್ ಒಂದು ರೀತಿ ಬರೆದುಕೊಂಡರು, ಹಾಲ್ಸ್ ಇನ್ನೊಂದು ರೀತಿ. ವಾಕ್ಯದಲ್ಲಿ ‘ಅಲ್ಲ’ ಎನ್ನುವ ಪದ ಇಬ್ಬರ ಪ್ರತಿಯಲ್ಲಿ ಬೇರೆ ಬೇರೆ ಕಡೆ ಇತ್ತು, ಕಾಗುಣಿತದಲ್ಲೂ ಹೊಂದಾಣಿಕೆ ಇರಲಿಲ್ಲ. ಗೋಡೆಯ ಮೇಲೆ ಏನಿತ್ತು ಎಂಬುದೇ ಕರೋನರ್ ವಿಚಾರಣೆಯಲ್ಲಿ ಚರ್ಚೆಗೆ ಬಂತು. ಅದರ ಅಕ್ಷರವನ್ನು ಇನ್ನೊಂದು ಕೈಬರಹದೊಂದಿಗೆ ಹೋಲಿಸುವ ದಾರಿ ಶಾಶ್ವತವಾಗಿ ಮುಚ್ಚಿಹೋಗಿತ್ತು.

ಹೋಲಿಸಲು ಕೈಬರಹವೊಂದು ಆಗಲೇ ಇಲಾಖೆಯ ಮೇಜಿನ ಮೇಲಿತ್ತು ಎಂಬುದು ಇನ್ನೂ ನೋವಿನ ಸಂಗತಿ.

ಪತ್ರಗಳ ಪ್ರವಾಹ

ಸೆಪ್ಟೆಂಬರ್ 25ರ ತಾರೀಖಿನ, ಕೆಂಪು ಶಾಯಿಯ ಪತ್ರವೊಂದು ಸೆಂಟ್ರಲ್ ನ್ಯೂಸ್ ಸುದ್ದಿಸಂಸ್ಥೆಗೆ ಬಂದಿತ್ತು. ಸಂಸ್ಥೆ ಅದನ್ನು 29ರಂದು ಮೆಟ್ರೊಪಾಲಿಟನ್ ಪೊಲೀಸರ ಕೇಂದ್ರ ಕಚೇರಿಯಾದ ಸ್ಕಾಟ್ಲೆಂಡ್ ಯಾರ್ಡಿಗೆ ಕಳಿಸಿತು. ಜ್ಯಾಕ್ ದ ರಿಪ್ಪರ್ ಎಂಬ ಹೆಸರು ಮೊದಲು ಕಾಣಿಸಿಕೊಂಡದ್ದು ಅದರ ಕೊನೆಯ ಸಹಿಯಲ್ಲಿ. ಮುಂದಿನ ಬಲಿಯ ಕಿವಿ ಕತ್ತರಿಸುವ ಮಾತು ಅದರಲ್ಲಿತ್ತು. ಮರುದಿನ ಎಡೋಸ್ ಕಿವಿಯ ತುದಿ ಕತ್ತರಿಸಿದ್ದು ಕಂಡು ಪೊಲೀಸರು ಗಂಭೀರವಾದರು. ಆಮೇಲೆ ಅದೇ ಧಾಟಿಯ ಅಂಚೆ ಕಾರ್ಡೂ ಬಂತು. ಅಕ್ಷರ ಯಾರಿಗಾದರೂ ಪರಿಚಯವಿದ್ದೀತು ಎಂದು ಎರಡರ ಪ್ರತಿಕೃತಿಯನ್ನೂ ಅಕ್ಟೋಬರ್ ಮೊದಲ ವಾರ ಅಚ್ಚು ಹಾಕಿಸಿ ಊರೆಲ್ಲ ಅಂಟಿಸಿದರು.

ಆ ಲೆಕ್ಕಾಚಾರಕ್ಕೆ ತರ್ಕವಿತ್ತು. ಫಲ ಮಾತ್ರ ತಿರುಗುಬಾಣವಾಯಿತು. ಹೆಸರು ಸಿಕ್ಕಿದ್ದೇ ತಡ, ಅದೇ ಹೆಸರಿನ ನೂರಾರು ಪತ್ರಗಳು ಬಂದವು. ಬ್ರಾಡ್‌ಫರ್ಡ್ ಊರಿನ ತರುಣಿಯೊಬ್ಬಳು ಇಂಥ ಪತ್ರ ಬರೆದು ಸಿಕ್ಕಿಬಿದ್ದಳು. ಒಂದೊಂದನ್ನೂ ಓದಿ, ಬೆನ್ನುಹತ್ತಿ, ಕೈಬಿಡುವುದಕ್ಕೆ ಎಷ್ಟು ಮಂದಿಯ ಎಷ್ಟು ದಿನ ಹೋಗಿರಬೇಕು! ಮೊದಲ ಪತ್ರವನ್ನು ಬರೆದದ್ದು ಪತ್ರಕರ್ತನೊಬ್ಬ ಎಂದು ಅದೇ ಇಲಾಖೆಯ ಹಿರಿಯರು ಆಮೇಲೆ ನಂಬಿದರು. ಮೂಲ ಖಚಿತವಾಗದ ಕಾಗದಕ್ಕೆ ಇಲಾಖೆಯ ಮುದ್ರೆ ಒತ್ತಿ ಜನರ ಮುಂದಿಟ್ಟದ್ದು ತನಿಖೆಗೆ ಆದ ದೊಡ್ಡ ಪೆಟ್ಟು ಎಂದೇ ನನ್ನ ಅಭಿಪ್ರಾಯ, ಗೋಡೆ ತೊಳೆದದ್ದಕ್ಕಿಂತಲೂ ದೊಡ್ಡದು.

ಮಾಡಿದ ಪ್ರಯತ್ನ ಕಡಿಮೆಯೇನಲ್ಲ. ಸ್ವಾನ್ಸನ್ ಅಕ್ಟೋಬರ್ 19ರಂದು ಸಲ್ಲಿಸಿದ ವರದಿಯ ಪ್ರಕಾರ 80,000 ಕರಪತ್ರ ಹಂಚಿದರು, ಮನೆಮನೆ ವಿಚಾರಿಸಿದರು, ವಸತಿಗೃಹಗಳಲ್ಲಿದ್ದ 2,000ಕ್ಕೂ ಹೆಚ್ಚು ಜನರನ್ನು ಪ್ರಶ್ನಿಸಿದರು, 76 ಕಟುಕರ ಮತ್ತು ಕಸಾಯಿಗಳ ಅಂಗಡಿಗೆ ಹೋದರು, ಸುಮಾರು 300 ಜನರ ಪೂರ್ವಾಪರ ನೋಡಿದರು, 80 ಜನರನ್ನು ಠಾಣೆಗೆ ಕರೆತಂದರು. ಸಿಟಿ ಆಡಳಿತ 500 ಪೌಂಡ್ ಬಹುಮಾನ ಘೋಷಿಸಿದರೆ, ಗೃಹ ಸಚಿವ ಹೆನ್ರಿ ಮ್ಯಾಥ್ಯೂಸ್ ಬಹುಮಾನ ಕೊಡಲು ಒಪ್ಪಲಿಲ್ಲ. ದುಡ್ಡಿನಾಸೆಗೆ ಸುಳ್ಳು ದೂರು ಬರುತ್ತದೆಂಬ ಅನುಭವದಿಂದ ಗೃಹ ಇಲಾಖೆ ಆ ಪದ್ಧತಿಯನ್ನೇ ನಿಲ್ಲಿಸಿತ್ತು.

ನವೆಂಬರ್ 9

ಒಂದು ತಿಂಗಳಿಗೂ ಹೆಚ್ಚು ಕಾಲ ಏನೂ ಆಗಲಿಲ್ಲ. ಆಮೇಲೆ ಡಾರ್ಸೆಟ್ ಸ್ಟ್ರೀಟಿನ ಮಿಲ್ಲರ್ಸ್ ಕೋರ್ಟಿನ 13ನೇ ಕೋಣೆ. ಬಾಕಿ ಬಾಡಿಗೆ ಕೇಳಲು ಹೋದವನು ಒಡೆದ ಗಾಜಿನ ಕಿಟಕಿಯಿಂದ ಇಣುಕಿದಾಗ ಕೆಲ್ಲಿ ದೇಹ ಕಂಡಿತು. ಆಗ ಬೆಳಿಗ್ಗೆ ಹತ್ತೂಮುಕ್ಕಾಲು. ಬಾಗಿಲು ತೆರೆದದ್ದು ಮಧ್ಯಾಹ್ನ ಒಂದೂವರೆಗೆ.

ತಡವಾದದ್ದಕ್ಕೆ ಕಾರಣ ಬೇಟೆನಾಯಿಗಳು. ವಾಸನೆ ಹಿಡಿಯುವ ಎರಡು ನಾಯಿಗಳನ್ನು ಅಕ್ಟೋಬರ್‌ನಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ಪರೀಕ್ಷಿಸಿದ್ದರು. ಅವು ಬರುವವರೆಗೆ ಒಳಗೆ ಯಾರೂ ಕಾಲಿಡಬಾರದೆಂದು ಅಧಿಕಾರಿಗಳು ಹೊರಗೇ ಕಾದರು. ನಾಯಿಗಳು ಊರಲ್ಲೇ ಇಲ್ಲ ಎಂಬ ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ವಾರೆನ್ ಹಿಂದಿನ ದಿನವೇ ರಾಜೀನಾಮೆ ಕೊಟ್ಟಿದ್ದರು. ಇಲ್ಲಿ ಒಂದು ಒಳ್ಳೆಯ ಬದಲಾವಣೆಯನ್ನೂ ಗುರುತಿಸಬೇಕು. ಈ ಸಲ ಸ್ಥಳವನ್ನು ಯಾರೂ ತೊಳೆಯಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಫೋಟೊ ತೆಗೆದರು.

ಆದರೆ ಕರೋನರ್ ವಿಚಾರಣೆಯನ್ನು ನವೆಂಬರ್ 12ರ ಒಂದೇ ದಿನದಲ್ಲಿ ಮುಗಿಸಿಬಿಟ್ಟರು. ಚಾಪ್‌ಮನ್ ವಿಚಾರಣೆಯನ್ನು ಬ್ಯಾಕ್ಸ್ಟರ್ ಹಲವು ದಿನ ನಡೆಸಿದ್ದರು, ಈ ಸಲದ ಕರೋನರ್ ಬೇರೆಯವರು. ಅದೇ ಸಂಜೆ ಒಬ್ಬ ಕೂಲಿಕಾರ ಠಾಣೆಗೆ ಬಂದು, ಕೆಲ್ಲಿ ಜೊತೆ ಆ ರಾತ್ರಿ ಒಬ್ಬನನ್ನು ಕಂಡದ್ದಾಗಿ ಹೇಳಿ, ತೊಟ್ಟ ಬಟ್ಟೆ, ಕೈಯಲ್ಲಿದ್ದ ಗಂಟಿನವರೆಗೆ ವರ್ಣಿಸಿದ. ಆಬರ್ಲೈನ್ ಅವನ ಮಾತನ್ನು ನಂಬಿದರು. ಪ್ರಮಾಣ ಮಾಡಿಸಿ, ಸವಾಲು ಹಾಕಿ, ಆ ಹೇಳಿಕೆಯನ್ನು ಒರೆಗೆ ಹಚ್ಚಬಹುದಾಗಿದ್ದ ವೇದಿಕೆ ಅಷ್ಟರಲ್ಲಿ ಬಾಗಿಲು ಹಾಕಿತ್ತು.

ಕಲಿಯಬೇಕಾದದ್ದು

ಆ ಕಾಲದಲ್ಲಿ ವಿಜ್ಞಾನವೇ ಇರಲಿಲ್ಲ, ಪೊಲೀಸರು ಏನು ಮಾಡಿಯಾರು ಎಂಬ ವಾದವಿದೆ. ಅರ್ಧ ನಿಜ. ಮನುಷ್ಯನ ರಕ್ತವನ್ನು ಪ್ರಾಣಿಯ ರಕ್ತದಿಂದ ಬೇರೆ ಮಾಡುವ ಪರೀಕ್ಷೆ ಬಂದದ್ದು 1901ರಲ್ಲಿ. ಬೆರಳಚ್ಚಿನಿಂದ ಅಪರಾಧಿಯನ್ನು ಗುರುತಿಸಬಹುದೆಂದು 1880ರಲ್ಲೇ ನೇಚರ್ ಪತ್ರಿಕೆಯಲ್ಲಿ ಬರಹ ಬಂದಿದ್ದರೂ ಅದನ್ನು ವಿಂಗಡಿಸುವ ವಿಧಾನ ಇರಲಿಲ್ಲ. ಲಂಡನ್ ಪೊಲೀಸರು ಮುಂದೆ ಬಳಸಿದ ವಿಧಾನ ಹುಟ್ಟಿದ್ದು ಭಾರತದಲ್ಲಿ: ಬಂಗಾಳದ ಪೊಲೀಸ್ ಅಧಿಕಾರಿಗಳಾದ ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಅವರ ದುಡಿಮೆಯಿಂದ. ಕಲ್ಕತ್ತದಲ್ಲಿ 1897ರಲ್ಲಿ ಬೆರಳಚ್ಚು ಕಚೇರಿ ಶುರುವಾಯಿತು, ಅದೇ ಪದ್ಧತಿ 1901ರಲ್ಲಿ ಸ್ಕಾಟ್ಲೆಂಡ್ ಯಾರ್ಡಿಗೆ ಹೋಯಿತು. ಆದರೆ 1888ರಲ್ಲಿ ಕೈತಪ್ಪಿದ್ದಕ್ಕೆಲ್ಲ ಪ್ರಯೋಗಾಲಯ ಬೇಕಿರಲಿಲ್ಲ. ಶವಾಗಾರದ ಬಾಗಿಲಿಗೆ ಒಬ್ಬ ಪೇದೆ, ಗೋಡೆಯ ಮುಂದೆ ಒಂದು ಕ್ಯಾಮೆರಾ, ಎರಡು ಇಲಾಖೆಗಳಿಗೆ ಒಂದೇ ಕಡತ, ವಿಚಾರಣೆಗೆ ಇನ್ನೆರಡು ದಿನ ಇದ್ದಿದ್ದರೆ ಸಾಕಿತ್ತು. ಇವೆಲ್ಲ ಆ ಕಾಲದಲ್ಲೂ ಸಾಧ್ಯವಿದ್ದವು.

ದಾಖಲೆ ಸಡಿಲವಿದ್ದರೆ ಊಹೆ ಹೇಗೆ ನುಗ್ಗುತ್ತದೆ ಎಂಬುದಕ್ಕೆ 1894ರ ಟಿಪ್ಪಣಿ ಸಾಕು. ಕೊಲೆಗಳು ನಡೆದ ಮರುವರ್ಷ ಇಲಾಖೆಗೆ ಸೇರಿದ ಹಿರಿಯ ಅಧಿಕಾರಿ ಮೆಲ್ವಿಲ್ ಮ್ಯಾಕ್‌ನಾಟನ್ ಅದರಲ್ಲಿ ಮೂವರು ಶಂಕಿತರನ್ನು ಹೆಸರಿಸಿದರು. ಒಬ್ಬನನ್ನು ವೈದ್ಯ ಎಂದು ಬರೆದರು. ಆತ ವಕೀಲ, ಶಾಲೆಯೊಂದರಲ್ಲಿ ಪಾಠವನ್ನೂ ಹೇಳುತ್ತಿದ್ದ. ವಯಸ್ಸನ್ನು ಹತ್ತು ವರ್ಷ ಹೆಚ್ಚು ಬರೆದರು. ಇಂದಿಗೂ ಆ ಟಿಪ್ಪಣಿಯ ಮೇಲೆ ವಾದಗಳ ಗೋಪುರ ಏಳುತ್ತಿದೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಇದೇ ಪ್ರಕರಣದಲ್ಲಿದೆ. ಎಡೋಸ್ ದೇಹವನ್ನು ಶವಾಗಾರಕ್ಕೆ ತಂದ ರಾತ್ರಿ, ಸಿಟಿ ಪೊಲೀಸರು ಆಕೆಯ ಮೈಮೇಲಿದ್ದ ಮತ್ತು ಜೇಬಿನಲ್ಲಿದ್ದ ಪ್ರತಿಯೊಂದನ್ನೂ ಪಟ್ಟಿ ಮಾಡಿದರು. ಕಪ್ಪು ಹುಲ್ಲಿನ ಟೋಪಿ, ಹಳೆಯ ಏಪ್ರನ್ನಿನ ಉಳಿದ ತುಂಡು, ಚಹಾಪುಡಿ ಸಕ್ಕರೆಯ ಡಬ್ಬಿಗಳು, ಎರಡು ಮಣ್ಣಿನ ಚಿಲುಮೆ, ಒಂದೇ ಒಂದು ಕೆಂಪು ಕೈಗವಸು, ಸಾಸಿವೆ ಡಬ್ಬಿಯಲ್ಲಿ ಎರಡು ಗಿರವಿ ಚೀಟಿ. ಜೊತೆಗಾರನ ಬೂಟು ಅಡವಿಟ್ಟು ಪಡೆದ ಚೀಟಿಯೂ ಅದರಲ್ಲಿತ್ತು. ಚೀಟಿಗಳ ವಿವರ ಪತ್ರಿಕೆಯಲ್ಲಿ ಬಂದದ್ದನ್ನು ನೋಡಿಯೇ ಆತ ಠಾಣೆಗೆ ಬಂದು ಸತ್ತವಳು ಯಾರೆಂದು ಹೇಳಿದ್ದು.

2014ರಲ್ಲಿ, ಎಡೋಸ್ ಬಳಿ ಇತ್ತೆನ್ನಲಾದ ಶಾಲೊಂದರ ಡಿಎನ್‌ಎ ಪರೀಕ್ಷೆಯಿಂದ ಕೊಲೆಗಾರ ಸಿಕ್ಕಿದನೆಂದು ದೊಡ್ಡ ಸುದ್ದಿಯಾಯಿತು. 2019ರಲ್ಲಿ ಅದರ ಪ್ರಬಂಧವೂ ಪ್ರಕಟವಾಯಿತು, ತಜ್ಞರು ಅದರ ವಿಧಾನವನ್ನು ಪ್ರಶ್ನಿಸಿದರು. ವಿಧಾನದ ಚರ್ಚೆಗೆ ಹೋಗುವ ಮೊದಲೇ ಆ ಹಳೆಯ ಪಟ್ಟಿಯನ್ನು ತೆಗೆದು ನೋಡಬಹುದು. ಒಂಟಿ ಕೈಗವಸನ್ನೂ ಬಿಡದೆ ಬರೆದ ಆ ಪಟ್ಟಿಯಲ್ಲಿ ಶಾಲು ಇಲ್ಲ.